ಗೋಲಿನ ಹಿಂದೆ ನಿಂತ ಮಳೆಗಾಲ

ಹೋದ ತಿಂಗಳು ಜೇವರ್ಗಿ ಕಾಲೋನಿಯ ಒಂದು ಸಣ್ಣ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತಿದ್ದೆ. ಒಳಗೆ ನನ್ನ ಮೊಮ್ಮಗಳು ಗೌತಮಿಗೆ ಹೆಣ್ಣುಕೂಸು ಹುಟ್ಟಿ ಒಂದು ತಾಸೂ ಆಗಿರಲಿಲ್ಲ. ನರ್ಸಮ್ಮ ಕೂಸನ್ನು ತಂದು ನನ್ನ ಕೈಯಲ್ಲಿಟ್ಟು, "ಮುತ್ಯಾ, ಹುಷಾರ್ ಹಿಡೀರಿ" ಅಂದಳು. ಹುಷಾರು ಎಲ್ಲಿಂದ ಬರಬೇಕು? ಎಂಬತ್ತು ದಾಟಿದ ಮುದುಕ ನಾನು, ಕೈಯಲ್ಲಿ ಮೊಮ್ಮಗಳ ಮಗಳು! ಮುಷ್ಟಿ ಬಿಗಿಹಿಡಿದು, ಕಣ್ಣು ಮುಚ್ಚಿ, ಇಡೀ ಲೋಕಕ್ಕೆ ಬೈಯುವಂತೆ ಅಳುತ್ತಿತ್ತು. ಪಡಸಾಲೆಯಲ್ಲಿ ಹೋಗಿಬರುವವರನ್ನೆಲ್ಲ ನಿಲ್ಲಿಸಿ ತೋರಿಸಿದೆ. ಔಷಧಿ ಚೀಟಿ ಹಿಡಿದು ಓಡುತ್ತಿದ್ದ ಗುರುತಿಲ್ಲದ ಮನುಷ್ಯನಿಗೂ ತೋರಿಸಿದೆ. ಅವನು ಪಾಪ, ಒಂದು ಗಳಿಗೆ ನಿಂತು, "ಮಸ್ತ್ ಅದ ರೀ ಕೂಸು" ಅಂದು ಹೋದ.

ಕೂಸನ್ನು ಒಳಗೆ ಒಯ್ದರು. ಆಗಲೇ ಆ ವಾಸನೆ ಬಂದದ್ದು. ಪಕ್ಕದ ಕೋಣೆಯಲ್ಲಿ ಯಾರದೋ ಮುರಿದ ಕೈಗೆ ಪ್ಲಾಸ್ಟರ್ ಹಾಕಲು ಬಟ್ಟೆಯ ಸುರುಳಿಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಸುತ್ತಿದ್ದರು. ಹಸಿ ಸುಣ್ಣದಂಥ, ಮಳೆಗೆ ನೆನೆದ ಗೋಡೆಯಂಥ ವಾಸನೆ. ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಅಳಿಯ ಅಶೋಕ, ಗೌತಮಿಯ ಅಪ್ಪ, ಓಡಿಬಂದು, "ಏನಾತು ಮಾವಾ?" ಅಂದ. "ಏನಿಲ್ರೀ, ಖುಷಿ ಆತು" ಅಂದೆ. ಅದು ಸುಳ್ಳಲ್ಲ. ಪೂರ್ತಿ ಖರೆಯೂ ಅಲ್ಲ. ಆ ವಾಸನೆ ನನ್ನನ್ನು ಇದೇ ಕಾಲೋನಿಯ ಇನ್ನೊಂದು ಮನೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಒಂದು ಮಳೆಗಾಲಕ್ಕೆ ಎಳೆದುಕೊಂಡು ಹೋಗಿತ್ತು.

ನಾನು ಓದಿದ್ದು ನಾಲ್ಕನೇ ತರಗತಿ. ಇದೇ ಶಹರದ ಐವಾನ್-ಎ-ಶಾಹಿ ಬಡಾವಣೆಯ ಕಡೆ ಇದ್ದ ಒಂದು ಶಾಲೆಯ ಮೈದಾನ ನೋಡಿಕೊಳ್ಳುವ ಕೆಲಸ ಮೂವತ್ತು ವರ್ಷ ಮಾಡಿದೆ. ಬೆಳಕು ಹರಿಯುವ ಮೊದಲು ನೆಲಕ್ಕೆ ನೀರು ಹೊಡೆಯುವುದು, ರೋಲರ್ ಎಳೆಯುವುದು, ಹುರಿ ಕಟ್ಟಿ ಸುಣ್ಣದ ಗೆರೆ ಹಾಕುವುದು. ಹಾಕಿ ಆಡುವ ಮೈದಾನ ಅದು. ಗೆರೆ ಹಾಕಿ ಬದಿಗೆ ಕೂತು ನೋಡಿ ನೋಡಿ, ಇಂಗ್ಲಿಷಿನ ಒಂದಕ್ಷರ ಬಾರದಿದ್ದರೂ ಆಟದ ತಪ್ಪುಗಳೆಲ್ಲ ಬಾಯಿಪಾಠವಾಗಿದ್ದವು. ಅಂಪೈರ್ ಸೀಟಿ ಊದುವ ಮೊದಲೇ ನಾನು "ಫೌಲ್" ಅನ್ನುತ್ತಿದ್ದೆ. ಗೌತಮಿ ಹತ್ತು ವರ್ಷದವಳಿದ್ದಾಗ ಆ ಮೈದಾನದಲ್ಲೇ ಅವಳ ಕೈಗೆ ಸ್ಟಿಕ್ ಕೊಟ್ಟವನು ನಾನು. ಹಿಂದಿನ ಸಾಲಿನಲ್ಲಿ ಆಡುತ್ತಿದ್ದಳು. ಅವಳನ್ನು ದಾಟಿ ಚೆಂಡು ಹೋಗುವುದೆಂದರೆ ಗೋಡೆ ದಾಟಿ ಹೋದಂತೆ. ಶಾಲೆಯ ತಂಡಕ್ಕೆ ಅವಳ ಹೆಸರು ಬಂದ ದಿನ ನಾನು ಸೂಪರ್ ಮಾರ್ಕೆಟ್‌ನಿಂದ ಪೇಢೆ ತಂದು, ಮೈದಾನದ ಹಾದಿಯಲ್ಲಿ ಹೋಗುವ ಆಟೋದವರಿಗೂ ಹಂಚಿದ್ದೆ.

ನಿವೃತ್ತನಾದ ಮೇಲೆ ನಮ್ಮೂರು ಕಮಲಾಪುರಕ್ಕೆ ಹೋದೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅಲ್ಲಿ ತಮ್ಮನ ಮನೆ ಪಕ್ಕದಲ್ಲಿ ನನ್ನ ತುಂಡು ಜಾಗ, ಅದರಲ್ಲಿ ಕೆಂಪು ಬಾಳೆ. ಆ ಬಾಳೆಯ ಗೊನೆ ಹಣ್ಣಾದರೆ ಓಣಿಗೆಲ್ಲ ವಾಸನೆ. ಜೂನ್ ತಿಂಗಳ ಒಂದು ಶನಿವಾರ ಎಸ್‌ಟಿಡಿ ಬೂತಿನಿಂದ ಮಗಳಿಗೆ ಫೋನು ಮಾಡಿದೆ. ಮಗಳು ಸುಜಾತಾ, ಗೌತಮಿಯ ತಾಯಿ.

"ಸುಜೀ, ಗೊನಿ ಹಣ್ಣಾಗ್ಯಾದ. ನಾಳಿ ಕೂಸಿನ ಕರಕೊಂಡು ಬಾ."

"ಅಪ್ಪಾ, ಮಳಿ ಹಿಡದದ. ಅವರಿಗಿ ನಾಳಿ ಡ್ಯೂಟಿ. ಮುಂದಿನ ವಾರ ಬರ್ತೀನಿ."

"ಮುಂದಿನ ವಾರ ಅಂದ್ರ ಕೊಳೀತಾವ. ಜೀಪ್ ಸಿಗ್ತದ, ತಾಸಿನ ಹಾದಿ. ಬಾ."

"ನಿನ್ನ ಬಾಳಿಹಣ್ಣಿನ ಹುಚ್ಚೇ ಹುಚ್ಚು" ಅಂದು ನಕ್ಕಳು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಮರುದಿನ ತಾಯಿ ಮಗಳು ಹೊರಟು ಬಂದು ಕಮಲಾಪುರ ಇನ್ನು ಸ್ವಲ್ಪ ದೂರ ಇರುವಾಗ, ಇಳಿಜಾರಿನಲ್ಲಿ, ತನ್ನ ಮುಂದಿನ ಬಸ್ಸನ್ನು ದಾಟಲು ಹೋದ ಒಂದು ಲಾರಿ ಎದುರಿನಿಂದ ಬಂದು ಜೀಪಿಗೆ ಹೊಡೆಯಿತು. ನನಗೆ ಸುದ್ದಿ ಬಂದು ನಾನು ಓಡಿ ಮುಟ್ಟುವಷ್ಟರಲ್ಲಿ ಸುಜಾತಾಳನ್ನು ರಸ್ತೆಯ ಬದಿಗೆ ಮಲಗಿಸಿ ಯಾರೋ ತಮ್ಮ ಧೋತರ ಹೊದಿಸಿದ್ದರು. ಮಳೆ ಬರುತ್ತಿತ್ತು. ಗೌತಮಿ ಅವಳ ಪಕ್ಕದಲ್ಲೇ ಕೂತಿದ್ದಳು, ಎಡಗಾಲು ಹೇಗೋ ತಿರುಗಿತ್ತು. ಅಳುತ್ತಿರಲಿಲ್ಲ. ನನ್ನನ್ನು ನೋಡಿ ಮುಖ ಆಕಡೆ ತಿರುಗಿಸಿದಳು. ಇಷ್ಟೇ ಬರೆಯುತ್ತೇನೆ, ಇದಕ್ಕಿಂತ ಹೆಚ್ಚು ಬರೆಯಲಾಗುವುದಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಾನು ಕಮಲಾಪುರದ ಮನೆಗೆ ಕೀಲಿ ಹಾಕಿ ಜೇವರ್ಗಿ ಕಾಲೋನಿಯ ಅಳಿಯನ ಬಾಡಿಗೆ ಮನೆಯಲ್ಲಿ ಉಳಿದೆ. ಅಶೋಕ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆ ಬರುವವನು. ಹದಿಮೂರು ವರ್ಷದ ಹುಡುಗಿ, ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರು, ತಾಯಿ ಇಲ್ಲ. ರೊಟ್ಟಿ ಬಡಿಯಲು ಪಕ್ಕದ ಮನೆಯ ಹೆಣ್ಣುಮಗಳು ಬರುತ್ತಿದ್ದಳು. ಉಳಿದದ್ದೆಲ್ಲ ನಾನು. ತಲೆ ಬಾಚುವುದೂ ಕಲಿತೆ. ಜಡೆ ಎರಡು ದಿನ ವಾರೆಯಾಯಿತು, ಮೂರನೇ ದಿನ ನೆಟ್ಟಗಾಯಿತು, ಸುಣ್ಣದ ಗೆರೆ ಎಳೆದ ಕೈಯಲ್ಲವೇ! ಆದರೆ ಅವಳು ನನ್ನ ಜೊತೆ ಮಾತಾಡುತ್ತಿರಲಿಲ್ಲ. "ನೀರು", "ಸಾಕು", ಇಷ್ಟೇ. ಗೋಡೆಯ ಮೇಲೆ ಬುದ್ಧನ ಪಟದ ಕೆಳಗೆ ಸುಜಾತಾಳ ಹೊಸ ಫೋಟೋ ಬಂದಿತ್ತು. ಅವಳು ಆ ಗೋಡೆಯ ಕಡೆ ಬೆನ್ನು ಮಾಡಿಯೇ ಮಲಗುತ್ತಿದ್ದಳು.

ಅಶೋಕನ ಆಫೀಸಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ತೆಗೆದು ಹೊಸವು ತರಿಸಿದರು. ಹಳೆಯದೊಂದು ಇವನಿಗೆ ಬಂತು. ಮಗಳು ಹಾಕಿ ಆಡುವವಳು, ಅದರಲ್ಲೇ ಹಾಕಿ ಆಡಲಿ ಎಂದು ಸೂಪರ್ ಮಾರ್ಕೆಟ್‌ಗೆ ಹೋಗಿ "ಹಾಕಿ ಆಟದ ಸಿಡಿ ಕೊಡ್ರಿ" ಎಂದು ಕೇಳಿ ತಂದ. ಸಿಡಿ ಹಾಕಿ ನೋಡಿದರೆ ನೆಲವೆಲ್ಲ ಬೆಳ್ಳಗೆ! ಹುಲ್ಲಿಲ್ಲ, ಮಣ್ಣಿಲ್ಲ. ಸುತ್ತ ಹಲಗೆಯ ಗೋಡೆ. ಆಡುವವರು ತಲೆಗೆ ಟೋಪಿ, ಮೈಗೆಲ್ಲ ಗಾದಿ ಕಟ್ಟಿಕೊಂಡು ಕಾಲಿಗೆ ಕತ್ತಿಯಂಥ ಬೂಟು ಹಾಕಿ ಜಾರುತ್ತಿದ್ದಾರೆ. ಚೆಂಡಿನ ಬದಲು ಒಂದು ಕರಿ ಬಿಲ್ಲೆ. ಅಶೋಕ ಮರುದಿನ ಅಂಗಡಿಯವನ ಜೊತೆ ಜಗಳಕ್ಕೆ ಹೋದ. ಅಂಗಡಿಯವನು, "ಸಾಬ್, ಹಾಕಿ ಕೇಳಿದ್ರಿ, ಹಾಕಿ ಕೊಟ್ಟೀನಿ. ಬರ್ಫ್ ಮ್ಯಾಲ ಆಡ್ತಾರ, ಅಷ್ಟೇ ಫರಕ್" ಎಂದನಂತೆ. ಬರ್ಫ್ ಅಂದರೆ ಮಂಜುಗಡ್ಡೆ.

ವಾಪಸು ಕೊಡಬೇಕೆನ್ನುವಷ್ಟರಲ್ಲಿ ಗೌತಮಿ ಆಡತೊಡಗಿದ್ದಳು. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಊಟ ಬಿಟ್ಟು, ಕರೆಂಟು ಇರುವಷ್ಟು ಹೊತ್ತೂ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಸುಮ್ಮನೆ ನೋಡುವವನೇ ನಾನು? ಒಬ್ಬ ಆಟಗಾರ ಎದುರಾಳಿಗೆ ಬೆನ್ನು ಕೊಟ್ಟು, ಬಿಲ್ಲೆಯನ್ನು ಮೈಯಿಂದ ಮರೆಮಾಡಿಕೊಂಡು ನಿಂತ. ನಮ್ಮ ಮೈದಾನದಲ್ಲಿ ಅದು ದೊಡ್ಡ ತಪ್ಪು. ಚೆಂಡಿಗೂ ಎದುರಿನವನಿಗೂ ನಡುವೆ ಮೈ ಅಡ್ಡ ಹಾಕುವಂತಿಲ್ಲ.

"ಅಬ್ಸ್ಟ್ರಕ್ಷನ್!" ಎಂದು ಕೂಗಿದೆ. ಯಾರೂ ಸೀಟಿ ಊದಲಿಲ್ಲ. ಇನ್ನೊಬ್ಬ ಬಂದು ಇವನನ್ನು ಭುಜದಿಂದ ಹಲಗೆಗೆ ಕುಟ್ಟಿದ. "ಏ, ಕೊಂದನಲ್ಲೋ! ಅಂಪೈರ್ ಎಲ್ಲಿ ಸತ್ತಾನ?"

ಮೂರು ದಿನ ಹೀಗೇ ಕೂಗಿದೆ. ನಾಲ್ಕನೇ ದಿನ ಅವಳು ಪರದೆಯಿಂದ ಕಣ್ಣು ತೆಗೆಯದೆ, "ಮುತ್ಯಾ, ಇದ್ರಾಗ ಅದು ಫೌಲ್ ಅಲ್ಲ. ಬಿಲ್ಲಿ ಮೈಯಿಂದ ಮುಚ್ಚಕೋಬಹುದು. ಬಿಲ್ಲಿ ಇದ್ದಂವಗ ಭುಜಲಿಂದ ನೂಕಬಹುದು. ಬಾಯಿ ಮುಚ್ಚಕೊಂಡು ನೋಡು" ಅಂದಳು.

ಅಯ್ಯೋ, ಏನು ಹೇಳಲಿ! ಒಂದೂವರೆ ತಿಂಗಳಲ್ಲಿ ಅವಳು ನನಗೆ ಆಡಿದ ಮೊದಲ ಉದ್ದ ಮಾತು ಅದು. ಬಾಯಿ ಮುಚ್ಚು ಅಂದಳು ಎಂದು ನಾನು ಅಡಿಗೆಮನೆಗೆ ಹೋಗಿ ಕುಣಿದೆ. ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳು, "ಏನಾತು ಕಾಕಾ?" ಅಂದಳು. "ಮೊಮ್ಮಗಳು ಬೈದಳವ್ವಾ!" ಅಂದೆ. ಅವಳು ನನಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು.

ಆಮೇಲೆ ನಾನು ಬೇಕೆಂದೇ ತಪ್ಪು ತಪ್ಪು ಕೂಗುವುದು, ಅವಳು ತಿದ್ದುವುದು. ಹೀಗೆ ಆ ಆಟದ ಕಾನೂನು ನನಗೂ ಒಂದಿಷ್ಟು ತಿಳಿಯಿತು. ಕಾಲು ಕೊಟ್ಟು ಬೀಳಿಸಿದರೆ, ಸ್ಟಿಕ್‌ನಿಂದ ಹೊಡೆದರೆ, ಆ ಆಟಗಾರ ಮೈದಾನದ ಬದಿಯ ಒಂದು ಗೂಡಿನಲ್ಲಿ ಎರಡು ನಿಮಿಷ ಕೂಡಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆ. ಆದರೆ ಅವಳ ಆಟದಲ್ಲಿ ಯಾರೂ ಆ ಗೂಡಿಗೆ ಹೋಗುತ್ತಿರಲಿಲ್ಲ. ಎಷ್ಟು ಹೊಡೆದರೂ ಸೀಟಿಯೇ ಇಲ್ಲ.

"ನಿನ್ನ ಅಂಪೈರ್ ಕುರುಡ ಅದಾನೇನು?" ಅಂದೆ ಒಂದು ದಿನ.

"ಪೆನಾಲ್ಟಿ ಬಂದ್ ಮಾಡೀನಿ. ಬೇಕಂದ್ರ ಚಾಲೂ, ಬ್ಯಾಡಂದ್ರ ಬಂದ್. ಆಟ ಶುರು ಆಗೋಕಿಂತ ಮೊದಲ ಕೇಳ್ತದ."

"ಹಂಗಾದ್ರ ಇದು ಸುಳ್ಳು ಆಟ. ತಪ್ಪಿಗಿ ಶಿಕ್ಷಾ ಇಲ್ಲಂದ್ರ ಅದು ಖರೇ ಆಟ ಹ್ಯಾಂಗಾತದ?"

ಆಗ ಅವಳು ಕೀಲಿಮಣೆಯಿಂದ ಕೈ ತೆಗೆದು ನನ್ನನ್ನು ನೋಡಿದಳು. "ಲಾರಿ ಡ್ರೈವರ್ ಎಲ್ಲಿ ಅದಾನ ಮುತ್ಯಾ?"

ಅವನಿಗೆ ಎಂಟೇ ದಿನದಲ್ಲಿ ಜಾಮೀನು ಸಿಕ್ಕಿತ್ತು. ಮತ್ತೆ ಅದೇ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದಾನೆ ಎಂದು ಅಶೋಕ ನನಗೆ ಅಡಿಗೆಮನೆಯಲ್ಲಿ ಪಿಸುದನಿಯಲ್ಲಿ ಹೇಳಿದ್ದ. ಆ ಪಿಸುಮಾತು ಗೌತಮಿಯ ಕಿವಿಗೂ ಬಿದ್ದಿತ್ತು.

"ಬಂದ್ ಇದ್ದದ್ದೇ ಖರೇ ಆಟ" ಅಂದಳು. "ಚಾಲೂ ಮಾಡಿದ್ದು ಸುಳ್ಳು." ಮತ್ತೆ ಪರದೆಯ ಕಡೆ ತಿರುಗಿದಳು.

ಹದಿಮೂರು ವರ್ಷದ ಕೂಸಿನ ಬಾಯಲ್ಲಿ ಈ ಮಾತು. ನಾನೆದ್ದು ಚಹಾಕ್ಕೆ ನೀರಿಟ್ಟೆ.

ಶ್ರಾವಣ ಮುಗಿಯುವ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿದರು. ಕಾಲು ಸಣಕಲಾಗಿ, ಚರ್ಮ ಬೂದಿ ಬಣ್ಣಕ್ಕೆ ತಿರುಗಿತ್ತು. ಎಲುಬು ಕೂಡಿದೆ, ಇನ್ನು ನಡೆಯಬೇಕು ಎಂದರು ಡಾಕ್ಟರು. ಅವಳು ಕಾಲು ನೆಲಕ್ಕೆ ಊರಲಿಲ್ಲ. ಹಿಡಿದೆವು, ಬೇಡಿಕೊಂಡೆವು, ಗದರಿಸಿದೆವು. ಬಲಗಾಲ ಮೇಲೆ ಕುಪ್ಪಳಿಸುತ್ತ, ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುವಳು, ಎಡಗಾಲು ಗಾಳಿಯಲ್ಲೇ. ಮತ್ತೆ ತೋರಿಸಲು ಹೋದಾಗ ಡಾಕ್ಟರು ಅಶೋಕನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು: "ಎಲುಬಿನ ತ್ರಾಸ ಅಲ್ರೀ ಇದು. ಕೂಸು ನಡೀಬಾರದು ಅಂತ ಮಾಡ್ಯಾದ. ಈ ಒಂದೆರಡು ತಿಂಗಳದಾಗ ಭಾರ ಹಾಕಲಿಲ್ಲಂದ್ರ ಮೊಣಕಾಲು ಬಿಗಿತದ. ಆಮ್ಯಾಲ ನಾ ಏನೂ ಮಾಡಾಕ ಬರಾಂಗಿಲ್ಲ."

ಅಶೋಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆಂಡತಿ ಸತ್ತಾಗಲೂ ನನ್ನೆದುರು ಅಳದ ಮನುಷ್ಯ, ಅಂದು ಅತ್ತ.

ಆಟವೂ ಅದೇ ಹೊತ್ತಿಗೆ ಕೆಟ್ಟಿತು. ಮೊದಲು ಹೊಡೆದಾಡಿಯಾದರೂ ಆಡುತ್ತಿದ್ದಳು. ಈಗ ಬಿಲ್ಲೆ ಕೈಗೆ ಸಿಕ್ಕರೆ ಸಾಕು, ತನ್ನ ಗೋಲಿನ ಹಿಂದೆ ಹೋಗಿ, ಅದನ್ನು ಮೈಯಿಂದ ಮರೆಮಾಡಿಕೊಂಡು ನಿಂತುಬಿಡುವಳು. ಕಂಪ್ಯೂಟರಿನ ಆಟಗಾರರಿಗೆ ಗೋಲಿನ ಹಿಂದೆ ಬರುವ ಬುದ್ಧಿಯನ್ನು ಯಾರೂ ಕೊಟ್ಟಿರಲಿಲ್ಲ. ಅವರು ಎದುರಿಗೆ ನಿಂತು ಆಚೀಚೆ ತೂಗಾಡುತ್ತ ಕಾಯುವರು. ಮೇಲೆ ಮೂಲೆಯಲ್ಲಿ ಸಮಯ ಓಡುತ್ತಿರುವುದು. ಗೋಲು ಹೊಡೆಯುವುದಿಲ್ಲ, ಹೊಡೆಸಿಕೊಳ್ಳುವುದೂ ಇಲ್ಲ. ಸೊನ್ನೆಗೆ ಸೊನ್ನೆ. ಮುಗಿದರೆ ಇನ್ನೊಂದು ಆಟ. ಮತ್ತೆ ಗೋಲಿನ ಹಿಂದೆ. ಖರೇ ಬರ್ಫಿನ ಮೇಲೆ ಹೀಗೆ ನಿಂತರೆ ನಡೆಯುತ್ತದೆಯೇ ಎಂದು ಕೇಳಿದೆ. "ಖರೇ ಆಟದಾಗ ಬಂದು ಕಸಗೋತಾರ. ಇದ್ರಾಗ ಯಾರೂ ಬರಾಂಗಿಲ್ಲ" ಅಂದಳು. ಹೊರಗೆ ದಿನವಿಡೀ ಮಳೆ, ಮೋಡ, ಒಣಗದ ಬಟ್ಟೆಯ ಮುಗ್ಗುಲು ವಾಸನೆ. ಒಳಗೆ ಆ ಬಿಳಿ ನೆಲದ ಮೇಲೆ ಒಂದು ಸಣ್ಣ ಗೊಂಬೆ, ಕರಿ ಬಿಲ್ಲೆಯನ್ನು ಅಪ್ಪಿಕೊಂಡು ಗೋಡೆಗೆ ಮುಖ ಮಾಡಿ ನಿಂತಿರುವುದು.

ಒಂದು ಮಧ್ಯಾಹ್ನ ತಡೆಯಲಾರದೆ ನನ್ನ ಟ್ರಂಕು ತೆಗೆದು ಮೈದಾನದ ಕಾಲದ ಹಳೆಯ ಸೀಟಿ ಹೊರಗೆ ತಂದೆ. ಅವಳು ಗೋಲಿನ ಹಿಂದೆ ಹೋಗಿ ನಿಂತಳು. ಐದು ಎಣಿಸಿದೆ. ಊದಿದೆ. ಅವಳು ಬೆಚ್ಚಿಬಿದ್ದಳು.

"ಅಬ್ಸ್ಟ್ರಕ್ಷನ್. ಎರಡು ನಿಮಿಷ. ಹೋಗಿ ಆ ಬಾಗಲ ಕಡಿ ಕುರ್ಚಿ ಮ್ಯಾಲ ಕೂಡು."

"ಇದ್ರಾಗ ಅದು ಫೌಲ್ ಅಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿನಗ?"

"ಯಂತ್ರದ ಅಂಪೈರ್ ಕುರುಡ. ಈ ಮನ್ಯಾಗ ನಾ ಅಂಪೈರ್."

ತಪ್ಪು ನಮ್ಮ ಆಟದ್ದು, ಶಿಕ್ಷೆ ಅವರ ಆಟದ್ದು. ಅಂಥ ಕಾನೂನು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ನನ್ನ ಲೆಕ್ಕಾಚಾರ ಇಷ್ಟೇ: ಕಂಪ್ಯೂಟರಿನಿಂದ ಬಾಗಿಲ ಕುರ್ಚಿಗೆ ಏಳು ಹೆಜ್ಜೆ. ಹೋಗುವಾಗ ಏಳು, ಬರುವಾಗ ಏಳು. ಎಲ್ಲಾದರೂ ಒಂದು ಹೆಜ್ಜೆ ಊರಿಯಾಳು. ಮೈದಾನದಲ್ಲಿ ಬೆಳೆದ ಹುಡುಗಿ, ಅಂಪೈರ್ ಸೀಟಿ ಊದಿದ ಮೇಲೆ ವಾದ ಮಾಡಬಾರದು ಎಂದು ನಾನೇ ಕಲಿಸಿದವನು. ಗೊಣಗುತ್ತ ಎದ್ದಳು. ಎದ್ದು, ಬಲಗಾಲ ಮೇಲೆ ಕುಪ್ಪಳಿಸುತ್ತ ಹೋಗಿ ಕೂತಳು. ಎರಡು ನಿಮಿಷ ಗೋಡೆಯ ಗಡಿಯಾರ ನೋಡಿ, ಮತ್ತೆ ಕುಪ್ಪಳಿಸುತ್ತ ಬಂದಳು. ಮರುದಿನವೂ ಹಾಗೇ. ವಾರವಿಡೀ ಊದಿದೆ. ಎಡಗಾಲು ಒಂದು ಸಲವೂ ನೆಲ ಮುಟ್ಟಲಿಲ್ಲ. ಅಶೋಕನಿಗೆ ತಿಳಿದು, "ಮಾವಾ, ಆಕಿ ಮೊದಲೇ ನೊಂದಾಳ. ಸೀಟಿ ಊದಿ ಊದಿ ಯಾಕ ಕಾಡ್ತೀರಿ?" ಎಂದು ನನ್ನ ಮೇಲೆ ಸಿಟ್ಟಾದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಆದರೂ ಮರುದಿನ ಮಧ್ಯಾಹ್ನ ಮತ್ತೆ ಊದಿದೆ. ಹಟ.

ಅವಳು ಏಳಲಿಲ್ಲ. ಕೀಲಿಮಣೆಯನ್ನು ಎರಡೂ ಕೈಯಿಂದ ಕುಟ್ಟಿದಳು.

"ನನಗೊಬ್ಬಾಕಿಗೇ ಊದ್ತಿ. ನಿನಗ ಯಾರು ಊದ್ಬೇಕು?"

"ನಾ ಏನು ಮಾಡೀನವ್ವಾ?"

"ಅವ್ವ ಬರಾಂಗಿಲ್ಲ ಅಂದಿದ್ಲು. ಮಳಿ ಅದ ಅಂದಿದ್ಲು. ನಾ ಫೋನಿನ ಬಾಜೂಕೇ ಇದ್ದೆ. ನೀ ಬಾ ಬಾ ಅಂದಿ. ಬಾಳಿಹಣ್ಣು ಕೊಳೀತಾವ ಅಂದಿ!"

ಜೂನ್‌ನಿಂದ ಈ ಮಾತಿಗೇ ನಾನು ಕಾಯುತ್ತಿದ್ದೆ ಎಂದು ಆಗ ತಿಳಿಯಿತು. ಪ್ರತಿ ಬೆಳಿಗ್ಗೆ ಎದ್ದು ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಮಾತು ಅದು. ಬೇರೆ ಯಾರೂ ಹೇಳಿರಲಿಲ್ಲ. ಅಶೋಕ ಹೇಳಲಿಲ್ಲ, ಬೀಗರು ಹೇಳಲಿಲ್ಲ. ಎಲ್ಲರೂ "ಏನ್ ಮಾಡಾಕ ಬರ್ತದ" ಅನ್ನುತ್ತಿದ್ದರು.

ಸೀಟಿಯನ್ನು ಕೊರಳಿಂದ ತೆಗೆದು ಅವಳ ಮುಂದಿಟ್ಟೆ. "ಊದು" ಅಂದೆ.

ಅವಳು ಊದಲಿಲ್ಲ. ನಾನೇ ಹೋಗಿ ಬಾಗಿಲ ಬಳಿಯ ಕುರ್ಚಿಯ ಮೇಲೆ ಕೂತೆ.

ಇದು ಅವಳನ್ನು ನಡೆಸಲು ಮುದುಕ ಹೂಡಿದ ಉಪಾಯ ಎಂದು ಅಶೋಕ ಇವತ್ತಿಗೂ ಜನರ ಮುಂದೆ ಹೇಳುತ್ತಾನೆ. ಅಲ್ಲ. ನನಗೆ ಆ ಹೊತ್ತಿನಲ್ಲಿ ಅವಳ ಕಾಲಿನ ನೆನಪೂ ಇರಲಿಲ್ಲ. ಕೂಡಬೇಕು ಅನ್ನಿಸಿತು, ಕೂತೆ.

ಆಮೇಲೆ ಕೀಲಿಮಣೆಯ ಸದ್ದು ಕೇಳಿತು. ಹೊಸ ಆಟ ಶುರು ಮಾಡಿದಳು. ಶುರುವಾಗುವ ಮೊದಲು ಆ ಯಂತ್ರ ಏನೇನೋ ಕೇಳುತ್ತದಲ್ಲ, ಅಲ್ಲಿ ಏನನ್ನೋ ಬದಲಿಸಿದಳು. ತುಸು ಹೊತ್ತಿನಲ್ಲೇ ಆ ಯಂತ್ರದಿಂದ ಸೀಟಿ ಕೇಳಿಸಿತು. ಆ ಮನೆಯಲ್ಲಿ ಅದರ ಸೀಟಿ ಕೇಳಿದ್ದು ಅದೇ ಮೊದಲು. ಪಟ್ಟೆ ಅಂಗಿಯ ಅಂಪೈರ್ ಕೈ ಎತ್ತಿದ. ಅವಳ ಆಟಗಾರನೊಬ್ಬ ತಲೆ ತಗ್ಗಿಸಿ ಜಾರುತ್ತ ಹೋಗಿ ಗೂಡಿನಲ್ಲಿ ಕೂತ.

"ಅದು ನೀನು" ಅಂದಳು. "ಎರಡು ನಿಮಿಷ."

ಬಿಲ್ಲೆ ತೆಗೆದುಕೊಂಡು ಗೋಲಿನ ಹಿಂದೆ ನಿಂತಳು. ಸಮಯ ಓಡಿತು. ಆ ಆಟದ ಎರಡು ನಿಮಿಷ ನಮ್ಮ ಗಡಿಯಾರದಲ್ಲಿ ಅರ್ಧ ನಿಮಿಷವೂ ಅಲ್ಲ. ಗೂಡಿನ ಬಾಗಿಲು ತೆರೆದು ಆಟಗಾರ ಹೊರಬಂದ.

"ಆತು. ಏಳು ಮುತ್ಯಾ."

"ಅದು ಖೋಟಾ ನಿಮಿಷ" ಅಂದೆ. "ನಂದು ಎರಡು ನಿಮಿಷದ ತಪ್ಪಲ್ಲ, ಗೌತೀ. ನಾ ಇಲ್ಲೇ ಕೂಡ್ತೀನಿ. ನೀ ಆಡು."

ಅವಳು ಆಡಿದಳು. ನಾನು ಕೂತೆ. ಹಂಚಿನ ಮೇಲೆ ಮಳೆ ಬಿದ್ದು ನಿಂತಿತು, ಮತ್ತೆ ಬಂತು. ಚಹಾದ ಹೊತ್ತು ಬಂದು ಹೋಯಿತು. ದಿನಾ ನಾನೇ ಚಹಾ ಮಾಡಿಕೊಡುವವನು. ಅವಳು ಎರಡು ಸಲ ಹಿಂತಿರುಗಿ ನೋಡಿದ್ದು ಕಂಡಿತು. ಮೂರನೇ ಸಲ ನೋಡಿದಾಗ ಅವಳ ಮುಖ ಬದಲಾಗಿತ್ತು. ಭಯ. ಇವನೂ ಹೋಗಿಬಿಟ್ಟಾನು ಎಂಬ ಭಯ ಇರಬೇಕು. ನಾನು ಹೇಗೆ ಕಾಣುತ್ತಿದ್ದೆನೋ ನನಗೆ ಗೊತ್ತಿಲ್ಲ.

"ಮುತ್ಯಾ, ಇದ್ರಾಗ ಇನ್ನೊಂದು ರೂಲ್ ಅದ" ಅಂದಳು ಮೆಲ್ಲಗೆ. "ಎದುರಿನವರು ಗೋಲ್ ಹೊಡದ್ರಂದ್ರ, ಗೂಡಿನಾಗ ಕೂತಂವ ಟೈಮ್ ಮುಗಿಯೋಕಿಂತ ಮೊದಲೇ ಹೊರಗ ಬರಬಹುದು. ಟೈಮ್ ಖೋಟಾ ಇದ್ರೂ ನಡೀತದ. ಗೋಲ್ ಖರೇ."

ಬೇಕೆಂದೇ ಎದುರಿನವನೊಬ್ಬನನ್ನು ಕಾಲು ಕೊಟ್ಟು ಬೀಳಿಸಿದಳು. ಮತ್ತೆ ಸೀಟಿ. ಮತ್ತೆ ಅವಳ ಆಟಗಾರ ಗೂಡಿಗೆ ಹೋದ. ಬಿಲ್ಲೆ ಅವಳಿಗೇ ಸಿಕ್ಕಿತು, ಅಭ್ಯಾಸದಂತೆ ಗೋಲಿನ ಹಿಂದೆ ಹೋದಳು. ಅಲ್ಲಿ ನಿಂತಳು. ಎದುರಿನವರು ತೂಗಾಡುತ್ತ ಕಾಯುತ್ತಿದ್ದರು. ಆಮೇಲೆ ಆ ಗೊಂಬೆ ನಿಧಾನವಾಗಿ ಹಿಂದಿನಿಂದ ಹೊರಬಂದು, ತನ್ನ ಗೋಲಿನ ಎದುರಿಗೇ ಬಿಲ್ಲೆಯನ್ನು ತಂದು ನಿಲ್ಲಿಸಿತು. ಗೌತಮಿ ಕೀಲಿಮಣೆಯಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಇಬ್ಬರು ಬಂದರು. ಒಬ್ಬ ಭುಜದಿಂದ ಇವಳ ಆಟಗಾರನನ್ನು ಕೆಡವಿದ. ಇನ್ನೊಬ್ಬ ಹೊಡೆದ. ಯಂತ್ರದೊಳಗಿನ ಜನವೆಲ್ಲ ಹುಯ್ಯೆಂದಿತು. ವಾರಗಟ್ಟಲೆ ಒಂದು ಗೋಲು ಬಿಟ್ಟುಕೊಡದವಳ ಎದುರಿಗೆ ಸೊನ್ನೆ ಅಳಿಸಿ ಒಂದು ಬಂತು.

"ಗೋಲ್ ಆತು" ಅಂದಳು. "ನಿಂದು ಮುಗೀತು. ಹೊರಗ ಬಾ."

ನಾನು ಏಳಬೇಕೆಂದೆ. ಆಗಲಿಲ್ಲ. ಕಾಲು ಜೋಮು ಹಿಡಿದಿತ್ತು, ಕಣ್ಣು ಕಾಣುತ್ತಿರಲಿಲ್ಲ, ಎದೆಯೊಳಗಿಂದ ಏನೋ ಕಿತ್ತು ಬರುತ್ತಿತ್ತು. ಮೂರು ತಿಂಗಳು ಆ ಕೂಸಿನ ಮುಂದೆ ತಡೆದಿದ್ದ ಅಳು ಅದು. ಮುದುಕರು ಅಳುವುದು ನೋಡಲು ಚೆಂದ ಅಲ್ಲ.

"ಮುತ್ಯಾ, ಏಳು. ಏಳೋ ಮುತ್ಯಾ!"

ಕುರ್ಚಿ ಸರಿದ ಸದ್ದು. ಆಮೇಲೆ ನೆಲದ ಮೇಲೆ ಒಂದು ಸದ್ದು, ಅದರ ಹಿಂದೆ ಇನ್ನೊಂದು. ಕುಪ್ಪಳಿಸುವ ಸದ್ದು ಒಂದೇ ಇರುತ್ತದೆ, ವಾರವಿಡೀ ಕೇಳಿದ ಕಿವಿಗೆ ಗೊತ್ತು. ಇದು ಎರಡು. ಒಂದು ಗಟ್ಟಿ, ಒಂದು ಎಳೆದಂತೆ. ನಾನು ತಲೆ ಎತ್ತಲಿಲ್ಲ. ಎತ್ತಿದರೆ ನಿಂತುಬಿಟ್ಟಾಳು ಎಂದು ಹೆದರಿದೆ. ಅವಳ ಕೈ ನನ್ನ ತೋಳಿಗೆ ಬಂತು, ಎಳೆಯಿತು. ಎಳೆಯಲಾಗದೆ ಅವಳೇ ಕುಸಿದು ನನ್ನ ಕಾಲಬಳಿ ಕೂತಳು.

"ನೀ ಹೊರಗ ಬಂದಿ" ಅಂದಳು. ಆಮೇಲೆ ಗೋಡೆಯ ಮೇಲಿನ ಫೋಟೋದ ಕಡೆ ಆ ಮನೆಯಲ್ಲಿ ಮೊದಲ ಸಲ ನೆಟ್ಟಗೆ ನೋಡಿದಳು. "ಅವ್ವಗ ಅಂಥ ರೂಲ್ ಇಲ್ಲ ಹೌದಿಲ್ಲ?"

ಸುಳ್ಳು ಹೇಳಬಹುದಿತ್ತು. ದೊಡ್ಡವರು ಕೂಸುಗಳಿಗೆ ಹೇಳುವ ಸುಳ್ಳುಗಳು ಬೇಕಾದಷ್ಟಿವೆ.

"ಇಲ್ಲವ್ವಾ" ಅಂದೆ. "ಇಲ್ಲ."

ಆಗ ಅತ್ತಳು. ಜೂನ್‌ನಲ್ಲಿ ರಸ್ತೆಯ ಬದಿಗೆ ಅಳಬೇಕಾದದ್ದು, ಮಣ್ಣು ಮಾಡುವಾಗ ಅಳಬೇಕಾದದ್ದು, ಎಲ್ಲ ಅಂದು ಅತ್ತಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ನಾನು ಕೈಸನ್ನೆ ಮಾಡಿ ಅವರನ್ನು ಕಳಿಸಿದೆ.

ಆ ಮೊಣಕಾಲು ಪೂರ್ತಿ ನೆಟ್ಟಗಾಗಲಿಲ್ಲ. ಇವತ್ತಿಗೂ ಮೆಟ್ಟಿಲಿಳಿಯುವಾಗ ಒಂದು ಕ್ಷಣ ತಡೆಯುತ್ತದೆ. ಅವಳು ಮತ್ತೆ ಮೈದಾನಕ್ಕೆ ಇಳಿಯಲಿಲ್ಲ, ನಾನೂ ಕೇಳಲಿಲ್ಲ. ಲಾರಿಯವನ ಕೇಸು ತಾರೀಖಿನಿಂದ ತಾರೀಖಿಗೆ ಹೋಗಿ ಎಲ್ಲೋ ಸವೆದುಹೋಯಿತು. ಕಮಲಾಪುರದ ಬಾಳೆಯನ್ನು ನಾನು ಕಡಿಸಿಬಿಟ್ಟೆ.

ಆದರೂ ಹೇಳುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ಮಗಳು ಸತ್ತ ವರ್ಷ ಅದು. ಆ ಮಧ್ಯಾಹ್ನ ಮೊಮ್ಮಗಳು ಎದೆ ಬಿರಿಯುವಂತೆ ಅಳುತ್ತಿದ್ದಳು. ನ್ಯಾಯವಾಗಿ ನಾನೂ ದುಃಖದಲ್ಲೇ ಇರಬೇಕಿತ್ತು. ಇದ್ದೆ ಕೂಡ. ಆದರೆ ಅವಳ ತಲೆ ನನ್ನ ಮೊಣಕಾಲ ಮೇಲಿತ್ತು, ಮತ್ತು ಅವಳ ಬೆನ್ನಿನಾಚೆ ನೋಡಿದರೆ ಕಂಪ್ಯೂಟರಿನಿಂದ ಬಾಗಿಲವರೆಗೆ, ನನ್ನ ಒದ್ದೆ ಕಣ್ಣಿಗೆ ಕಾಣುತ್ತಿದ್ದುದು ಏಳು ಹೆಜ್ಜೆಯ ಖಾಲಿ ನೆಲ. ಅದನ್ನು ಅವಳು ಎರಡೂ ಕಾಲಲ್ಲಿ ದಾಟಿ ಬಂದಿದ್ದಳು.